ಮಾಯದ ಗಾಯದ ಲೆಕ್ಕ

ಹಾಸನದ ಪ್ರಯೋಗಾಲಯವೊಂದರಲ್ಲಿ ಶಿವರಂಜನಿ ನಾಲ್ಕು ವರ್ಷ ಆಲೂಗಡ್ಡೆ ಹೋಳುಗಳ ಮುಂದೆ ಕೂತಿದ್ದಳು. ಕೊಯ್ದ ಹೋಳಿನ ಗಾಯ ಮಾಯಲು ಗಡ್ಡೆಯೊಳಗೆ ಎಥಿಲೀನ್ ಅನಿಲ ಹುಟ್ಟಲೇಬೇಕು ಎಂಬುದು ಅವಳ ಮಾರ್ಗದರ್ಶಕ ರವೀಂದ್ರರ ವಾದ. ಎಥಿಲೀನ್ ತಡೆಯುವ ಔಷಧ ಹಾಕಿದರೆ ಗಾಯ ಮಾಯುತ್ತಿರಲಿಲ್ಲ. ಅವರಿಗೆ ಅಷ್ಟೇ ಸಾಕಿತ್ತು.

ಶಿವರಂಜನಿಗೆ ಸಾಲಲಿಲ್ಲ. ಔಷಧ ಹಾಕಿದ ಹೋಳಿಗೆ ಹೊರಗಿನಿಂದ ಎಥಿಲೀನ್ ಕೊಟ್ಟು ನೋಡಿದಳು. ಆಗಲೂ ಮಾಯಲಿಲ್ಲ. ಅಳೆದರೆ, ಆ ಔಷಧ ಹೋಳಿನಲ್ಲಿ ಪ್ರೋಟೀನ್ ತಯಾರಾಗುವುದನ್ನೇ ಅರ್ಧಕ್ಕಿಳಿಸಿತ್ತು. ಗಾಯ ಮಾಯದಿದ್ದುದಕ್ಕೆ ಕಾರಣ ಎಥಿಲೀನ್ ಕೊರತೆಯಲ್ಲ, ಔಷಧದ ಅಡ್ಡಪರಿಣಾಮ.

ಇದನ್ನೆಲ್ಲ ಒಂದು ಪುಟದಲ್ಲಿ ಬರೆದು, ಒಬ್ಬಳೇ ಹೋಗಿ ರವೀಂದ್ರರಿಗೆ ಕೊಟ್ಟಳು. ಅವರು ಓದಿ ರುಜು ಹಾಕಿದರು. ಮುಂದಿನ ತಿಂಗಳು ಆ ಫಲಿತಾಂಶವನ್ನೂ ಅವಳ ಹೆಸರನ್ನೂ ಕೈಬಿಟ್ಟು ಪ್ರಬಂಧ ಪ್ರಕಟಿಸಿದರು. "ಆ ಹುಡುಗಿ ಕೈಲಿ ಅಳತೆ ನೆಟ್ಟಗಾಗಲ್ಲ" ಎಂದು ಎಲ್ಲರೆದುರು ಅಂದರು.

ಅವಳು ಹೊಳೆನರಸೀಪುರದ ಕಾಲೇಜಿಗೆ ಪಾಠ ಹೇಳಲು ಹೋದಳು. ಆ ಪುಟದ ನಕಲು ಅವಳ ಬಳಿ ಇತ್ತು. ಯಾರಿಗೂ ತೋರಿಸಲಿಲ್ಲ. ಬೀಳುವವರು ಎತ್ತರದಿಂದಲೇ ಬೀಳಲಿ ಎಂದು ಐದು ವರ್ಷ ಹಲ್ಲು ಕಚ್ಚಿ ಕಾದಳು.

ಆ ಪ್ರಬಂಧಕ್ಕೆ ಪ್ರಶಸ್ತಿ ಬಂತು. ಹಾಸನದ ಸಭಾಂಗಣ ತುಂಬಿತ್ತು. ರವೀಂದ್ರರ ಭಾಷಣ ಮುಗಿದೊಡನೆ ಶಿವರಂಜನಿ ಎದ್ದಳು.

"ಸಾರ್, ಔಷಧದ ಜೊತೆ ಎಥಿಲೀನನ್ನೂ ಕೊಟ್ಟು ನೋಡಿದ್ರಾ?"

ಅವರು ಅವಳನ್ನು ಗುರುತಿಸಿದರು. ಮುಖದ ನಗು ಮಾಸಲಿಲ್ಲ. "ಒಳ್ಳೇ ಪ್ರಶ್ನೆ ಕಣಮ್ಮ. ಆಗ ಅದು ನಮ್ಗೆ ಹೊಳೀಲಿಲ್ಲ. ಯಾರೂ ಹೇಳ್ಲೂ ಇಲ್ಲ."

ಅವಳಿಗೆ ಬೇಕಿದ್ದದ್ದು ಆ ಮಾತೇ. ನೇರವಾಗಿ ವೇದಿಕೆ ಹತ್ತಿ, ಆ ಪುಟವನ್ನು ದೊಡ್ಡ ಪರದೆಯ ಮೇಲೆ ಮೂಡಿಸಿದಳು. ಅಂಕಿಗಳು, ತಾರೀಕು, ಕೆಳಗೆ ಅವರ ರುಜು. ಸಭೆಯಲ್ಲಿ ಗುಸುಗುಸು ಎದ್ದಿತು. ರವೀಂದ್ರ ನೀರಿನ ಲೋಟ ಎತ್ತಿದರು, ಕುಡಿಯಲಾಗದೆ ಕೆಳಗಿಟ್ಟರು. ಅದನ್ನು ಅವಳು ಕಣ್ತುಂಬ ನೋಡಿದಳು.

ಹೊರಗೆ ಅವರು ಅವಳನ್ನು ತಡೆದರು. "ನನ್ನತ್ರ ಒಬ್ಳೇ ಬಂದು ಹೇಳ್ಬೋದಿತ್ತಲ್ಲಮ್ಮ?"

"ಆವತ್ತು ಒಬ್ಳೇ ಬಂದೇ ಹೇಳಿದ್ದು ಸಾರ್."

ಎರಡು ತಿಂಗಳಲ್ಲಿ ಪತ್ರಿಕೆ ಆ ಪ್ರಬಂಧವನ್ನು ಹಿಂತೆಗೆದುಕೊಂಡಿತು, ಪ್ರಶಸ್ತಿಯೂ ಹೋಯಿತು. ಸುದ್ದಿ ತಿಳಿದು ಅರಕಲಗೂಡಿನಿಂದ ತಾಯಿ ನೀಲಾಂಬಿಕೆ ಫೋನ್ ಮಾಡಿದರು.

"ಈಗ್ಲಾದ್ರೂ ಒಟ್ಟೆ ತಣ್ಣಗಾಯ್ತೇನವ್ವಾ? ಇನ್ನು ಬುಟ್ಬುಡು."

ಶಿವರಂಜನಿ ಆ ಪುಟದ ನಕಲನ್ನು ಮತ್ತೆ ಕೈಗೆತ್ತಿಕೊಂಡಳು.

"ಇಲ್ಲ ಕಣವ್ವ. ಇನ್ನೊಂದ್ಸಲ ಆ ವೇದಿಕೆ ಅತ್ತಿ ಅವ್ರ ಮೋರೆ ನೋಡ್ಬೇಕು ಅನ್ನಿಸ್ತದೆ."