ನನ್ನ ಹೆಸರಿನ ಚೀಟಿ

ನಮ್ಮ ಮನೆಯಲ್ಲಿ ಇಬ್ಬರು ಸೊಸೆಯರು. ನಾನು ದೊಡ್ಡವಳು, ವಾರಗಿತ್ತಿ ನನಗಿಂತ ಐದು ವರ್ಷ ಚಿಕ್ಕವಳು. ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಇಬ್ಬರೂ ಒಂದೇ ಹೊಲಿಗೆ ಕಾರ್ಖಾನೆಗೆ ಹೋಗುತ್ತಿದ್ದೆವು. ಅಂಗಿಗೆ ತೋಳು ಕೂಡಿಸುವುದು ನನ್ನ ಕೆಲಸ, ಕಾಲರ್ ಅವಳದು. "ಅಕ್ಕ ಕೈ ಕೊಡ್ತಾಳೆ, ನಾನು ಕುತ್ತಿಗೆ ಹಿಡೀತೀನಿ" ಎಂದು ಸಾಲಿನವರನ್ನೆಲ್ಲ ನಗಿಸುತ್ತಿದ್ದಳು.

ಎರಡನೆಯ ಹೆರಿಗೆಯಾದ ಮೇಲೆ ಅವಳು ಇನ್ನು ಮಕ್ಕಳು ಸಾಕು ಎಂದಳು. ಆಸ್ಪತ್ರೆಗೆ ಹೋಗಿ ಕೇಳುತ್ತೇನೆ ಎಂದಾಗ ಅತ್ತೆ ಮುಖ ಗಂಟಿಕ್ಕಿದರು.

"ಇಂಥದ್ದಕ್ಕೆಲ್ಲ ಆಸ್ಪತ್ರೆ ಮೆಟ್ಟಿಲು ಹತ್ತಬೇಕಾ? ನಾಲ್ಕು ಜನ ನೋಡಿದ್ರೆ ಏನಂದ್ಕೋತಾರೆ? ದೊಡ್ಡವಳ ಹತ್ರ ಮಕ್ಕಳಾಗದಿರೋ ಮಾತ್ರೆ ಚೀಟಿ ಇದೆಯಲ್ಲ."

ಇತ್ತು. ಬಿ.ಪಿ. ನೋಡಿ, ನೂರೆಂಟು ಪ್ರಶ್ನೆ ಕೇಳಿ, ಡಾಕ್ಟರು ನನಗೆಂದು ಬರೆದದ್ದು. ಮೂರು ತಿಂಗಳ ಮೇಲೆ ಬಂದು ತೋರಿಸಿ ಎಂದಿದ್ದರು. ನಾನು ಹೋಗಲೇ ಇಲ್ಲ. ಅದನ್ನೇ ಜಾಣತನವೆಂದುಕೊಂಡು ಚೀಟಿಗೆ ಲ್ಯಾಮಿನೇಷನ್ ಮಾಡಿಸಿ ಅವಳ ಕೈಗಿಟ್ಟೆ. ಔಷಧಿ ಅಂಗಡಿಯವನು ಹೆಸರು ಕೂಡ ಓದುತ್ತಿರಲಿಲ್ಲ. ಕಾರ್ಖಾನೆಯ ಹೆಂಗಸರು ಕೇಳಿದರೆಂದು ನಕಲು ತೆಗೆಸಿ ಹಂಚಿದೆ. ದೊಡ್ಡ ಉಪಕಾರ ಮಾಡಿದವಳಂತೆ ಬೀಗಿದೆ ಬೇರೆ.

ಅವಳು ಆರು ವರ್ಷ ನುಂಗಿದಳು. ನಾಲ್ಕನೆಯ ವರ್ಷ ತಲೆನೋವು ಶುರುವಾಯಿತು.

"ಅಕ್ಕ, ನೋವು ಬರೋ ಮುಂಚೆ ಕಣ್ಮುಂದೆ ಮಿಂಚು ಮಿಂಚು ಆಗುತ್ತೆ, ಸೂಜಿನೇ ಕಾಣಲ್ಲ. ಒಂದ್ಸಲ ತೋರಿಸ್ಕೊಂಡು ಬರ್ಲಾ?"

"ನಾನೂ ಅದನ್ನೇ ನುಂಗ್ತಿಲ್ವಾ? ಗುಂಡುಕಲ್ಲಿನ ಹಾಗಿದೀನಿ. ಕನ್ನಡಕ ಹಾಕ್ಕೋ ಹೋಗೇ, ಮುದುಕಿ."

ಅವಳು ನಕ್ಕಳು, ಆಸ್ಪತ್ರೆಗೆ ಹೋಗಲಿಲ್ಲ. ನನ್ನ ಮಾತನ್ನು ಎಂದೂ ಮೀರಿದವಳಲ್ಲ.

ಒಂದು ಮಧ್ಯಾಹ್ನ ಕಾಲರ್ ಅರ್ಧ ಹೊಲಿದು ಹಾಗೇ ಮೆಷಿನ್ ಮೇಲೆ ವಾಲಿದಳು. ಬಾಯಿ ಸೊಟ್ಟಗಾಗಿತ್ತು. ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆ, ಬಿ.ಪಿ.ಯೂ ಹೆಚ್ಚಿದೆ ಎಂದು ಆಸ್ಪತ್ರೆಯಲ್ಲಿ ಹೇಳಿದರು. ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದಳೆಂದು ನರ್ಸ್ ಕೇಳಿದಾಗ ಚೀಟಿ ಕೊಟ್ಟೆ. ತಲೆನೋವಿನ ಸಂಗತಿಯನ್ನೂ ಹೇಳಿದೆ.

"ಇದರಲ್ಲಿರೋದು ಇವರ ಹೆಸರಲ್ಲವಲ್ಲ?"

"ನನ್ನದು."

ಆಕೆ ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. "ಮಾತ್ರೆ ಕೆಟ್ಟದ್ದಲ್ಲಮ್ಮ. ಇಂಥ ತಲೆನೋವು, ಬಿ.ಪಿ. ಇರೋರಿಗೆ ಇದು ಆಗಿಬರಲ್ಲ. ಒಂದ್ಸಲ ಕರ್ಕೊಂಡು ಬಂದಿದ್ರೆ ಬೇರೆ ದಾರಿ ಹೇಳ್ತಿದ್ವಿ" ಎಂದರು.

ಮೂರನೆಯ ದಿನ ಅವಳು ಹೋದಳು. ಬಂದವರಿಗೆಲ್ಲ ಅತ್ತೆ "ಅವಳ ಹಣೇಲಿ ಅಷ್ಟೇ ಬರೆದಿತ್ತು" ಎನ್ನುತ್ತಿದ್ದರು.

"ಹಣೇಲಿ ಅಲ್ಲ ಅತ್ತೆ, ಚೀಟೀಲಿ. ಕೊಟ್ಟೋಳು ನಾನು" ಎಂದೆ. ಅವಳ ಗಂಡ, ನನ್ನ ಮೈದುನ, ಎದ್ದು ಹೊರಗೆ ಹೋದ.

ಕೆಲಸಕ್ಕೆ ಮರಳಿದ ದಿನ ಮೆಷಿನ್‌ಗಳು ಶುರುವಾಗುವ ಮೊದಲೇ ಎದ್ದು ನಿಂತು ಎಲ್ಲವನ್ನೂ ಹೇಳಿದೆ. ನನ್ನಿಂದ ನಕಲು ಪಡೆದವರು ಹದಿನಾಲ್ಕು ಜನ. ಸಂಜೆ ನನ್ನ ಜೊತೆ ಆಸ್ಪತ್ರೆಗೆ ಬಂದವರು ಮೂವರು. ಉಳಿದವರು "ನೀನು ಗಟ್ಟಿಯಾಗೇ ಇದೀಯಲ್ಲಕ್ಕ" ಎಂದು ಹೊರಟರು.

ನಾಳೆ ಮತ್ತೆ ಕರೆಯುತ್ತೇನೆ. ಅಲ್ಲಿಯವರೆಗೆ ಹನ್ನೊಂದು ಜನ ನನ್ನ ಹೆಸರಿನಲ್ಲಿ ನುಂಗುತ್ತಿರುತ್ತಾರೆ.