ಡಾಂಬರು ಗುಳಿಗೆಯ ವಾಸನೆ

ರೋಗಿಯ ಕಾಲಿನ ಗಾಯ ಎಷ್ಟು ದಿನದ್ದು ಎಂದು ಡಾಕ್ಟರ್ ಪಲ್ಲವಿ ಕೇಳಿದ್ದು ಇದು ಮೂರನೆಯ ಸಲ. ಹಳೆಯದು, ಒಣಗಿದೆ ಎಂದು ಬಸಕ್ಕ ಮೂರನೆಯ ಸಲವೂ ಅದನ್ನೇ ಹೇಳಿದಳು. ಹೇಳುವಾಗ ಡಾಕ್ಟರ ಮುಖ ನೋಡಲಿಲ್ಲ. ಗಂಡನ ಮಂಚದ ಪಕ್ಕದ ಮಷಿನ್ನಿನಲ್ಲಿ ಇಳಿಯುತ್ತಿದ್ದ ಅಂಕಿ ನೋಡುತ್ತಿದ್ದಳು. ಅದು ಬಿ.ಪಿ. ಎಂಬುದು ಎರಡು ದಿನದಲ್ಲಿ ಅವಳಿಗೂ ಗೊತ್ತಾಗಿತ್ತು.

ಗಂಡ ಗಾದಿಲಿಂಗಪ್ಪ ಕಂಪ್ಲಿಯ ರೈಸ್ ಮಿಲ್ಲಿನಲ್ಲಿ ಚೀಲ ಹೊರುವವನು. ಹತ್ತು ವರ್ಷದ ಸಕ್ಕರೆ ಕಾಯಿಲೆ. ಪಾದಕ್ಕೆ ಮುಳ್ಳು ಚುಚ್ಚಿದರೂ ಗೊತ್ತಾಗದು. ಜ್ವರ, ನಡುಕ ಎಂದು ಹೊಸಪೇಟೆಯ ಈ ಆಸ್ಪತ್ರೆಗೆ ಕರೆತಂದರು. ಎಕ್ಸ್‌ರೇಯಲ್ಲಿ ಎದೆಯೊಳಗೆ ಸಣ್ಣ ಮಬ್ಬು ಕಂಡಿತು, ನ್ಯುಮೋನಿಯಾ ಇರಬೇಕೆಂದು ಔಷಧಿ ಶುರುವಾಯಿತು. ಔಷಧಿ ಹೋಗುತ್ತಲೇ ಇದೆ, ಮನುಷ್ಯ ಇಳಿಯುತ್ತಲೇ ಇದ್ದಾನೆ. ಬೆಳಗಿನಿಂದ ಹೆಂಡತಿಯ ಗುರುತೂ ಹತ್ತುತ್ತಿಲ್ಲ.

ಅಷ್ಟರಲ್ಲಿ ಲ್ಯಾಬಿನ ಕನಕರಾಜ್ ಚೀಟಿ ಹಿಡಿದು ಬಂದ. ಪರೀಕ್ಷೆಗೆ ಕೊಟ್ಟ ರಕ್ತದ ಬಾಟಲಿಯಲ್ಲಿ ಏನೋ ಬೆಳೆದಿದೆ, ಆದರೆ ಮಷಿನ್ ಕೊಟ್ಟ ಹೆಸರನ್ನು ತನ್ನ ಹದಿನಾಲ್ಕು ವರ್ಷದ ಸರ್ವಿಸ್ಸಿನಲ್ಲಿ ಕಂಡಿಲ್ಲ, ಬಾಟಲಿಯೇ ಕೆಟ್ಟಿರಬೇಕು, ಅದನ್ನು ಎಸೆದುಬಿಡುತ್ತೇನೆ, ಹೊಸದಾಗಿ ರಕ್ತ ಕೊಟ್ಟರೆ ಎರಡು ದಿನದಲ್ಲಿ ಹೇಳುತ್ತೇನೆ ಎಂದ. ಪಲ್ಲವಿ ಅಂಕಿಯತ್ತ ನೋಡಿದರು. ಎರಡು ದಿನ ಕಾಯುವಷ್ಟು ಹೊತ್ತು ಈ ರೋಗಿಗೆ ಇರಲಿಲ್ಲ. ಆ ಹೆಸರನ್ನು ಫೋನಿನಲ್ಲಿ ಹುಡುಕಿ, ನಿಂತಲ್ಲೇ ಓದಿದರು. ಅಪರೂಪದ ಬ್ಯಾಕ್ಟೀರಿಯಾ. ಗಾಯದಲ್ಲಿ ನೊಣದ ಹುಳ ಬಿದ್ದಾಗ ಅದರ ಜೊತೆ ಬಂದು, ಅಲ್ಲಿಂದ ರಕ್ತಕ್ಕೆ ಇಳಿಯುವಂಥದ್ದು.

ಪಲ್ಲವಿ ಹತ್ತಿರದ ದೋಣಿಮಲೈ ಗಣಿ ಕ್ವಾರ್ಟರ್ಸಿನಲ್ಲಿ ಬೆಳೆದವರು, ಮಾತು ಇಲ್ಲಿಯದೇ. ಸ್ಟೂಲು ಎಳೆದುಕೊಂಡು ಬಸಕ್ಕನ ಎದುರು ಕೂತರು.

"ಅಮ್ಮಾ, ಗಾಯದಾಗ ಹುಳ ಇದ್ವೇನ್ರಿ?"

ಬಸಕ್ಕ ಸೆರಗನ್ನು ಬೆರಳಿಗೆ ಸುತ್ತಿಕೊಂಡಳು. ಪಕ್ಕದಲ್ಲೇ ಗಂಡನ ಅಕ್ಕ ಹೊಳೆಮ್ಮ ಕೂತಿದ್ದಳು. ಹೇಳುವುದಾದರೂ ಇವಳೆದುರು ಹೇಗೆ ಹೇಳುವುದು?

ನಡೆದದ್ದು ಇಷ್ಟು. ಸಕ್ಕರೆ ಕಾಯಿಲೆಯವರಿಗೆಂದೇ ಮಾಡಿದ ಮೆತ್ತನೆಯ ಚಪ್ಪಲಿಯನ್ನು ಗಾದಿಲಿಂಗಪ್ಪ ಹಾಕುತ್ತಿರಲಿಲ್ಲ. ಮಿಲ್ಲಿನವರು 'ಬಂದ್ರಲೇ ಮ್ಯಾನೇಜರ್ ಸಾಹೇಬ್ರು' ಎಂದು ಆಡಿಕೊಳ್ಳುತ್ತಾರಂತೆ. ಮೂರು ವಾರದ ಹಿಂದೆ ಒಂದು ಸಂಜೆ ಅವನು ಬರಿಗಾಲಲ್ಲಿ ಬಂದದ್ದು ನೋಡಿ ಬಸಕ್ಕನಿಗೆ ರೇಗಿತು. "ಹಿಂಗ ಅಡ್ಡಾಡ್ರಿ, ಆ ಕಾಲಿಗೆ ಹುಳ ಬೀಳ್ಲಿ, ಅವಾಗ ಬುದ್ಧಿ ಬರ್ತೈತಿ" ಎಂದುಬಿಟ್ಟಳು. ಬೈಯುವಾಗಲೂ ಗಂಡನಿಗೆ ಮರ್ಯಾದೆ ಬಿಟ್ಟವಳಲ್ಲ. ಹೊಸ್ತಿಲಲ್ಲಿ ದೀಪ ಹಚ್ಚುತ್ತಿದ್ದ ಹೊಳೆಮ್ಮ ತಿರುಗಿ, ದೀಪದ ಹೊತ್ತಿನಲ್ಲಿ ಕೆಟ್ಟದ್ದು ಆಡಬಾರದು, ಮೇಲಿನವರು ಅಸ್ತು ಅಂದುಬಿಡುತ್ತಾರೆ ಎಂದು ಗದರಿದ್ದಳು.

ಹತ್ತೇ ದಿನಕ್ಕೆ ಅವನ ಹೆಬ್ಬೆರಳ ಸಂದಿನ ಗಾಯದಲ್ಲಿ ಬಿಳಿ ಹುಳಗಳು ಮಿಸುಕಾಡಿದವು.

ಬಸಕ್ಕ ಬಾಗಿಲು ಹಾಕಿಕೊಂಡಳು. ಎತ್ತಿನ ಗಾಯಕ್ಕೆ ಅವಳ ಅಪ್ಪ ಮಾಡುತ್ತಿದ್ದ ಹಾಗೆ, ಟ್ರಂಕಿನಲ್ಲಿ ಸೀರೆ ನಡುವೆ ಇಟ್ಟಿದ್ದ ಡಾಂಬರು ಗುಳಿಗೆ ಕುಟ್ಟಿ, ಅರಿಶಿಣ ಕಲಸಿ, ಗಾಯಕ್ಕೆ ಒತ್ತಿ ತುಂಬಿದಳು. ಉದುರಿದ ಹುಳ ಒಲೆಗೆ ಹೋದವು. ಯಾರಿಗೂ ಹೇಳಬಾರದೆಂದು ಗಂಡನಿಂದ ಆಣೆ ಮಾಡಿಸಿಕೊಂಡಳು. ಮೇಲೆ ಹಕ್ಕಳೆ ಕಟ್ಟಿತು, ಒಳಗೇನಾಯಿತೆಂದು ಯಾರೂ ನೋಡಲಿಲ್ಲ. ಆಸ್ಪತ್ರೆಯಲ್ಲಿ ಮೊದಲ ದಿನ ಇದೇನು ವಾಸನೆ ಎಂದು ಕೇಳಿದಾಗ, ಕಟ್ಟಿದ ಬಟ್ಟೆ ಟ್ರಂಕಿನದು ಎಂದಿದ್ದಳು.

"ಹುಳ ಇದ್ದಿಲ್ಲ ಅಂದ್ರ ಈ ರಿಪೋರ್ಟ್ ಸುಳ್ಳು, ನಾ ಎದಿನೇ ನೋಡ್ಕೊಂತ ಕುಂದರ್ತೀನಿ" ಎಂದರು ಪಲ್ಲವಿ. "ಇದ್ವು ಅಂದ್ರ ಈಗಿಂದೀಗ ಕಾಲಿನ ಗಾಯ ತೆರೀಬೇಕು. ನೀವು ಹೇಳಿದ್ದನ್ನ ನಂಬ್ತೀನಿ."

ಮಷಿನ್ ಕೂಗತೊಡಗಿತು. ನರ್ಸ್ ಓಡಿ ಬಂದಳು.

"ಇದ್ವುರಿ" ಎಂದಳು ಬಸಕ್ಕ. "ಭಾಳ ಇದ್ವು. ನನ್ನ ಬಾಯಾಗಿಂದ ಬಿದ್ದ ಹುಳರಿ ಅವು, ನಾನೇ ಅಂದಿದ್ದೆ."

ಪಲ್ಲವಿ ಆಗಲೇ ಎದ್ದಿದ್ದರು. ಬಾಟಲಿ ಎಸೆಯಬೇಡ ಎಂದು ಕನಕರಾಜನಿಗೆ ಹೇಳಿ, ಸರ್ಜನ್‌ಗೆ ಫೋನ್ ಹಚ್ಚುತ್ತಲೇ ಒಮ್ಮೆ ಹಿಂತಿರುಗಿ ನೋಡಿದರು.

"ಬಾಯಿ ಅಲ್ಲಮ್ಮಾ. ನೊಣ."

ಆಪರೇಷನ್ ಥಿಯೇಟರಿನ ಹೊರಗೆ ಇಬ್ಬರೂ ಹೆಂಗಸರು ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತರು. ಬಸಕ್ಕ ಬೈಗುಳಕ್ಕೆ ಕಾಯುತ್ತಿದ್ದಳು. ಹೊಳೆಮ್ಮ ನೆಲ ನೋಡುತ್ತಲೇ ಮಾತಾಡಿದಳು.

"ವಾಸ್ನಿ ನನಗ ಅವತ್ತೇ ಬಂದಿತ್ತು. ಎತ್ತಿಲ್ಲದ ಮನ್ಯಾಗ ಡಾಂಬರು ಗುಳಿಗಿ ಯಾರಿಗೆ ಕುಟ್ತಾರ? ನನ್ನ ತಮ್ಮಗ ಹುಳ ಬಿದ್ದಾವ ಅಂತ ಮಂದಿ ಮುಂದ ಹೆಂಗ ಅನ್ಲಿ ಅಂತ ನಾನೂ ಸುಮ್ನಿದ್ದೆ."

ಬಸಕ್ಕ ಸ್ವಲ್ಪ ಅವಳತ್ತ ಸರಿದು ಕೂತಳು.

ಹಕ್ಕಳೆಯ ಕೆಳಗೆ ಕೀವು, ಸತ್ತ ಹುಳ, ಇನ್ನೂ ಜೀವವಿದ್ದ ಐದಾರು ಹುಳ ಸಿಕ್ಕವು. ಎರಡು ಬೆರಳು ಹೋದವು. ಔಷಧಿ ಬದಲಾಯಿತು. ಮೂರನೆಯ ದಿನ ಜ್ವರ ಬಿಟ್ಟಿತು.

ನಾಲ್ಕನೆಯ ದಿನ ಸಂಜೆ ಗಾದಿಲಿಂಗಪ್ಪ ಕಣ್ಣು ತೆರೆದು, ಬ್ಯಾಂಡೇಜು ಸುತ್ತಿದ ಪಾದವನ್ನು ಬಹಳ ಹೊತ್ತು ನೋಡಿದ. ಆಮೇಲೆ ಹೆಂಡತಿಯ ಕಡೆ ತಿರುಗಿ, "ಆ ಮೆತ್ತನ್ ಚಪ್ಲಿ ತಂದಿಯೇನು?" ಎಂದು ಕೇಳಿದ.

ಮೂರು ವಾರದ ಮಾತೆಲ್ಲ ಬಸಕ್ಕನ ನಾಲಿಗೆಗೆ ಬಂದು ನಿಂತಿತು. ಅಷ್ಟರಲ್ಲಿ ನರ್ಸ್ ವಾರ್ಡಿನ ಟ್ಯೂಬ್‌ಲೈಟ್ ಹಾಕಿದಳು. ಹೊಳೆಮ್ಮ ತಲೆಯೆತ್ತಿದಳು.

"ಈಗ ದೀಪದ ಹೊತ್ತು" ಎಂದಳು ಬಸಕ್ಕ, ಹೊದಿಕೆ ಸರಿಮಾಡುತ್ತ. "ಮುಂಜಾನಿ ಬೈತೀನಿ. ಮಲಕ್ಕೊಳ್ರಿ."