ಗೇಟಿನ ಮೇಲಿನ ಕೆಂಪು ಗೆರೆ

ಹರಿಹರದ ಅಲ್ಲಾಬಕ್ಷ್ ಸಾಹೇಬರು ಮಾಡಿದ ಗೇಟು ಎಷ್ಟು ಗಟ್ಟಿಯೋ ಅವರ ಹಟ ಅದಕ್ಕಿಂತ ಒಂದು ಕೈ ಹೆಚ್ಚೇ ಗಟ್ಟಿ. ಮೂವತ್ತು ವರ್ಷದಿಂದ ಅವರ ವೆಲ್ಡಿಂಗ್ ಅಂಗಡಿಯಲ್ಲಿ ಕ್ರಮ ಒಂದೇ. ಗಿರಾಕಿ ಬಂದರೆ ಸಾಹೇಬರು ಸಿಮೆಂಟ್ ನೆಲದ ಮೇಲೆ ಸೀಮೆಸುಣ್ಣದಲ್ಲಿ ಪೂರ್ತಿ ಅಳತೆಯ ಗೇಟು ಬರೆಯುತ್ತಾರೆ. ಗಿರಾಕಿ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಹೂಂ ಅನ್ನಬೇಕು. ಆಮೇಲೆ ಆ ಗೆರೆಯ ಮೇಲೇ ಸರಳು ಬಗ್ಗಿಸಿ ಇಟ್ಟು ಬೆಸುಗೆ ಹಾಕುತ್ತಾರೆ.

ಇಂಥವರ ಅಂಗಡಿಗೆ ಮಗಳು ಬುಷ್ರಾ ಕಂಪ್ಯೂಟರ್ ತಂದಿಟ್ಟಳು. ಡಿಪ್ಲೊಮಾ ಮುಗಿಸಿದ ಹುಡುಗಿ. ಅವಳ ಪರದೆಯಲ್ಲಿ ಗೇಟು ನಿಜವಾಗಿ ನಿಂತಂಗೆ ನಿಲ್ಲುತ್ತಿತ್ತು. ಬಿಸಿಲು ಬಿದ್ದರೆ ಹೊಳಪು, ಅಂಗಳದಲ್ಲಿ ನೆರಳು, ಪಕ್ಕದಲ್ಲೊಂದು ಕಾರು ಬೇರೆ! ಸಾಹೇಬರಿಗೆ ಮೈಯೆಲ್ಲಾ ಉರಿಯಿತು.

"ನೋಡು ಬೇಟಾ," ಅಂದರು. "ಇದರಾಗೆ ಮಾಡಿದ ಮೊದಲನೇ ಗೇಟು ಗಿರಾಕಿ ಒಪ್ಪಿದ್ರೆ ನೀನು ಇಲ್ಲೇ ಕೂತ್ಕ. ವಾಪಸ್ ಬಂತೋ, ಈ ಡಬ್ಬಾ ಮಾರಿಬಿಡ್ತೀನಿ. ನೀನು ದಾವಣಗೆರೆಗೆ ಹೋಗಿ ಸೀರೆ ಅಂಗಡಿ ಕೌಂಟರ್‌ನಾಗೆ ನಿಂತ್ಕ."

ಬುಷ್ರಾ ಆಗಲಿ ಅಂದಳು. ಅಪ್ಪನ ಮಗಳಲ್ಲವೇ, ಅವಳ ಹಟವೇನು ಕಡಿಮೆಯೇ!

ಮೊದಲು ಬಂದವರು ಭಾನುವಳ್ಳಿಯ ಸೂರಪ್ಪ, ನೀಲಕ್ಕ, ಗಂಡ ಹೆಂಡತಿ. ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ ಮನೆ ಕಟ್ಟಿಸಿದ್ದರು. ಬುಷ್ರಾ ಪರದೆಯಲ್ಲಿ ಗೇಟು ತೋರಿಸಿ, ಅದರ ಮೇಲೆ ಕೆಂಪು ಬಣ್ಣದಲ್ಲಿ ಬಾಣ, ಸುತ್ತು ಹಾಕುತ್ತಾ ವಿವರಿಸಿದಳು.

"ಅಯ್ಯೋ, ಗೇಟು ಗೀಚಾಡಿಬಿಟ್ಟೆಯಲ್ಲವ್ವಾ!" ನೀಲಕ್ಕ ಗಾಬರಿಯಾದಳು.

"ಗೇಟಿನ ಮೇಲಲ್ಲ ಅಕ್ಕಾ. ಫೋಟೋದ ಗಾಜಿನ ಮೇಲೆ ಬರೆದಂಗೆ ಇದು. ಒರೆಸಿದ್ರೆ ಹೋಗ್ತದೆ. ಒಳಗಿನ ಗೇಟಿಗೆ ಏನೂ ಆಗಲ್ಲ."

ನೀಲಕ್ಕ ಕುಳ್ಳಿ. ಚಿಲಕ ಕೈಗೆ ಎಟುಕಬೇಕು ಅಂದಳು. ಗಂಡ ಹೆಂಡತಿ ಅತ್ತ ಗೋಡೆಗೆ ಒರಗಿಸಿದ್ದ ಗೇಟಿನ ಹತ್ತಿರ ಹೋಗಿ ಕೈ ಎತ್ತಿ ಎತ್ತರ ನೋಡತೊಡಗಿದರು. ಬುಷ್ರಾ ಒಂದು ಕಡೆ ಬಾಣ ಹಾಕಿದಳು. ಹಿಂದೆ ನಿಂತಿದ್ದ ಸಾಹೇಬರಿಗೆ ತಡೆಯಲಾಗಲಿಲ್ಲ. "ಅಲ್ಲಲ್ಲ, ಇಲ್ಲಿ!" ಅಂತ ಮೌಸ್ ಕಸಿದುಕೊಂಡರು. ಸುತ್ತಿಗೆ ಹಿಡಿದ ಕೈ ಅದು. ಗುಂಡಿ ಒತ್ತಿದ್ದು ಒತ್ತಿದಂಗೇ ಇತ್ತು. ಕೆಂಪು ಗೆರೆ ಚಿಲಕದ ಹತ್ತಿರ ಹುಟ್ಟಿ, ಸರ್ರಂತ ಮೇಲೆ ಹೋಗಿ, ಬಳುಕಿ, ಸುತ್ತಿಕೊಂಡು, ಗೇಟಿನ ಆ ತುದಿಗೆ ಹೋಗಿ ಕುಣಿಕೆ ಹಾಕಿಕೊಂಡಿತು.

"ಟೇಬಲ್ ಡೊಂಕೈತೆ," ಅಂದರು ಸಾಹೇಬರು. ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ, ಹಂಗಾಯ್ತು.

ಬುಷ್ರಾ ನಕ್ಕು ತಾನು ಹಾಕಿದ ಬಾಣಗಳನ್ನೆಲ್ಲಾ ಒರೆಸಿದಳು. ಟೀ ಬಂತು. ಟೀ ಕುಡಿಯುತ್ತಾ ಸೂರಪ್ಪ ಪರದೆಯ ಫೋಟೋ ಹೊಡೆದುಕೊಂಡ. ಚಲೋ ಐತೆ, ಮಾಡ್ರಿ ಅಂದು ಇಬ್ಬರೂ ಹೊರಟರು.

ಗೃಹಪ್ರವೇಶಕ್ಕೆ ನಾಲ್ಕು ದಿನ ಇರುವಾಗ ಗೇಟು ಟೆಂಪೋ ಹತ್ತಿ ದಾವಣಗೆರೆಗೆ ಹೋಯಿತು. ಮಧ್ಯಾಹ್ನಕ್ಕೆ ಅದೇ ಟೆಂಪೋದಲ್ಲಿ ವಾಪಸ್ ಬಂತು. ಮುಂದಿನ ಸೀಟಿನಿಂದ ನೀಲಕ್ಕ ಇಳಿದಳು, ಹಿಂದಿನಿಂದ ಸೂರಪ್ಪ.

ಸಾಹೇಬರಿಗೆ ಹೊಟ್ಟೆಗೆ ಹಾಲು ಹೊಯ್ದಂಗಾಯ್ತು. ಗೆದ್ದೆ! ಮಗಳ ಮುಖ ಬಿಳುಚಿಕೊಂಡಿದ್ದು ಕಂಡು ಒಂದು ಗಳಿಗೆ ಪಾಪ ಅನ್ನಿಸಿತು, ಆದರೂ ಗೆದ್ದದ್ದು ಗೆದ್ದದ್ದೇ.

"ಯಾಕ್ರಿ ಅಕ್ಕಾರೆ, ಅಳತೆ ತಪ್ಪೈತಾ?" ಅಂತ ಸಕ್ಕರೆಯಂಥ ದನಿಯಲ್ಲಿ ಕೇಳಿದರು.

"ಅಳತೆ ಮನೆ ಹಾಳಾಗ್ಲಿ, ಬಳ್ಳಿ ಎಲ್ರಿ?"

"ಯಾವ ಬಳ್ಳಿ?"

"ಕೆಂಪು ಬಳ್ಳಿ! ನಮ್ಮ ಬೀಗರೆಲ್ಲಾ ಫೋಟೋ ನೋಡಿ ಹೊಗಳ್ಯಾರೆ. ಗೇಟು ಎಲ್ಲಾರ ಮನೇಲೂ ಐತೆ, ಬಳ್ಳಿ ಯಾರ ಮನೇಲೈತೆ ಅಂತ ನನ್ನ ತಂಗಿ ಹೊಟ್ಟೆ ಉರ್ಕಂಡಾಳೆ. ಈಗ ಬೋಳು ಗೇಟು ಹಾಕಿಸ್ಕಂಡು ಯಾವ ಮುಖ ಹೊತ್ಕಂಡು ಅವಳನ್ನ ಕರೀಲಿ?"

ಸೂರಪ್ಪ ಫೋನ್ ಮುಂದೆ ಹಿಡಿದ. ಸಾಹೇಬರು ಕನ್ನಡಕ ಏರಿಸಿ ನೋಡಿದರು. ಚಿಲಕದ ಹತ್ತಿರ ಹುಟ್ಟಿದ ಗೆರೆ, ಬಳುಕು, ಸುತ್ತು, ಕೊನೆಗೊಂದು ಕುಣಿಕೆ. ಹೆತ್ತ ತಾಯಿ ಕೂಸನ್ನು ಗುರುತಿಸಿದಂಗೆ ಗುರುತಿಸಿಬಿಟ್ಟರು. ಬಿಸಿ ತುಪ್ಪ ಬಾಯಲ್ಲಿತ್ತು, ನುಂಗುವಂಗಿಲ್ಲ, ಉಗುಳುವಂಗಿಲ್ಲ.

ಸುಮ್ಮನಿದ್ದರೆ ಆಯಿತು. ಕಂಪ್ಯೂಟರಿನದೇ ತಪ್ಪು ಅಂದರೆ ಇವರು ನಂಬುತ್ತಾರೆ. ಬುಷ್ರಾ ನಾಳೆಯೇ ಸೀರೆ ಅಂಗಡಿಗೆ ಹೋಗುತ್ತಾಳೆ. ಅವಳಾದರೂ ಬಾಯಿ ಬಿಡಬಾರದೇ, ಅದು ಅಬ್ಬಾ ಗೀಚಿದ್ದು ಅಂತ? ಊಹೂಂ. ಗಿರಾಕಿ ಎದುರು ಅಪ್ಪನ ಮರ್ಯಾದೆ ಕಳೆಯಬಾರದು ಅಂತ ನೆಲ ನೋಡುತ್ತಾ ನಿಂತಿದ್ದಳು, ಹುಚ್ಚು ಹುಡುಗಿ. ಸಾಹೇಬರಿಗೆ ಮಗಳ ಮೇಲೆ ಸಿಟ್ಟೇ ಬಂತು. ಆಮೇಲೆ ಆ ಸಿಟ್ಟು ತಮ್ಮ ಮೇಲೆಯೇ ತಿರುಗಿತು.

"ಅದು ಬಳ್ಳಿ ಅಲ್ರಿ," ಅಂದರು. "ನಾನು ಮೌಸ್ ಹಿಡಿಯಾಕ ಬರದೆ ಗೀಚಿದ್ದು. ಮಗಳದೇನೂ ತಪ್ಪಿಲ್ಲ."

ನೀಲಕ್ಕ ಫೋಟೋ ನೋಡಿದಳು, ಸಾಹೇಬರನ್ನು ನೋಡಿದಳು. "ನೀವೇ ಬರದದ್ದಾ? ಚಲೋ ಆತಲ್ಲ! ಹಂಗಾದ್ರೆ ನೀವೇ ಮಾಡಿಕೊಡ್ರಿ. ಶುಕ್ರವಾರದೊಳಗೆ ಬೇಕು." ಗೇಟು ಇಳಿಸಿ ಟೆಂಪೋ ಹತ್ತಿಯೇಬಿಟ್ಟಳು.

ಅಂಗಡಿಯಲ್ಲಿ ಅಪ್ಪ ಮಗಳು ಇಬ್ಬರೇ ಉಳಿದರು.

"ನಿನ್ನ ಬಾಣ ಎಲ್ಲಾ ಒರೆಸ್ದೆ. ಇದೊಂದು ಯಾಕ ಬಿಟ್ಟೆ?"

"ನೀವು ಮೊದಲನೇ ಸಲ ಮೌಸ್ ಮುಟ್ಟಿದ್ರಿ ಅಬ್ಬಾ. ಒರೆಸಾಕ ಮನಸ್ಸು ಬರಲಿಲ್ಲ."

ಸಾಹೇಬರು ಹೊಗೆ, ಹೊಗೆ ಅಂತ ಗೊಣಗುತ್ತಾ ಕಣ್ಣೊರೆಸಿಕೊಂಡರು. ಬೆಳಗಿನಿಂದ ವೆಲ್ಡಿಂಗ್ ಮಾಡಿಯೇ ಇರಲಿಲ್ಲ.

ಆಮೇಲೆ ಸೀಮೆಸುಣ್ಣ ಹಿಡಿದು ನೆಲದ ಮೇಲೆ ಬಳ್ಳಿ ಬರೆಯಲು ಕೂತರು. ತಮ್ಮದೇ ಗೆರೆ, ಎಷ್ಟು ಹೊತ್ತಿನ ಕೆಲಸ! ಮೊದಲನೆಯದು ಹಾವಿನಂಗೆ ಬಂತು. ಎರಡನೆಯದು ಜಿಲೇಬಿ. ಮರುದಿನ ಸಂಜೆಯ ತನಕ ಬರೆದರು, ಒರೆಸಿದರು, ಮೊಣಕಾಲು ನೋವು ಬಂತು, ಬಳ್ಳಿ ಮಾತ್ರ ಬರಲಿಲ್ಲ. ನೆಟ್ಟಗಿನ ಗೆರೆಯನ್ನೇ ಮೂವತ್ತು ವರ್ಷ ಎಳೆದ ಕೈಗೆ ಬೇಕಂತಲೇ ತಪ್ಪುವುದು ಗೊತ್ತಿರಲಿಲ್ಲ. ನೀಲಕ್ಕನ ಫೋನು ಐದು ಸಲ ಬಂತು.

"ಬೇಟಾ," ಅಂದರು ಕೊನೆಗೆ, ಗೋಡೆ ಕಡೆ ಮುಖ ಮಾಡಿ. "ಆ ಗೆರೆ ಇನ್ನೂ ಐತಾ ನಿನ್ನ ಡಬ್ಬಾದಾಗೆ?"

ಇತ್ತು. ಬುಷ್ರಾ ಒಂದು ಗುಂಡಿ ಒತ್ತಿದಳು, ಗೇಟು ಮಾಯವಾಗಿ ಕೆಂಪು ಗೆರೆ ಒಂದೇ ಪರದೆಯಲ್ಲಿ ಉಳಿಯಿತು. ಅದನ್ನೇ ಗೇಟಿನಷ್ಟು ದೊಡ್ಡದು ಮಾಡಿ ಫ್ಲೆಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ ತಂದು ನೆಲಕ್ಕೆ ಹಾಸಿದಳು. ಸಾಹೇಬರು ಅದರ ಪಕ್ಕ ಕೂತು, ಸರಳು ಕಾಯಿಸಿ ಬಗ್ಗಿಸಿ, ಗೆರೆಗೆ ಗೆರೆ ಹೊಂದಿಸಿ ನೋಡಿದರು. ತಾವೇ ಎಳೆದ ಗೆರೆಯನ್ನು ಮಗಳ ಹತ್ತಿರ ಕಾಪಿ ಹೊಡೆದರು ಅನ್ನಿ. ಶುಕ್ರವಾರ ಬೆಳಿಗ್ಗೆ ಕೆಂಪು ಬಳ್ಳಿ ಹೊತ್ತ ಗೇಟು ನಿಂತಿತು. ನೀಲಕ್ಕನ ತಂಗಿ ಅದರ ಮುಂದೆ ನಿಂತು ಮೂರು ಫೋಟೋ ಹೊಡೆಸಿಕೊಂಡು ಮುಖ ಊದಿಸಿಕೊಂಡಳಂತೆ.

ಮುಂದಿನ ವಾರ ನಿಜಲಿಂಗಪ್ಪ ಬಡಾವಣೆಯಿಂದ ಒಬ್ಬರು ಹುಡುಕಿಕೊಂಡು ಬಂದರು. ನಮಗೂ ಒಂದು ಬಳ್ಳಿ ಬೇಕು, ಆದರೆ ಬೇರೆ ಥರದ್ದು ಅಂದರು. ಬುಷ್ರಾ ಊಟಕ್ಕೆ ಹೋಗಿದ್ದಳು.

"ನೀವೇ ಕಂಪ್ಯೂಟರ್‌ನಾಗೆ ಒಂದು ಎಳೆದು ತೋರಿಸ್ರಿ ಸಾಹೇಬ್ರ. ಆ ಬಳ್ಳಿ ನಿಮ್ಮ ಕೈದೇ ಅಂತಲ್ಲ?"

ಸಾಹೇಬರು ಮಗಳ ಕುರ್ಚಿಯ ಧೂಳು ಒರೆಸಿ, ತಾವು ಪಕ್ಕದ ಸ್ಟೂಲಿನ ಮೇಲೆ ಕೂತರು.

"ಕೂಡ್ರಿ, ಅವ್ಳು ಬರ್ಲಿ," ಅಂದರು. "ಗೀಚೋದು ಯಾರು ಬೇಕಾದ್ರೂ ಗೀಚ್ತಾರೆ ಕಣ್ರಿ. ಯಾವುದನ್ನ ಒರೆಸಬಾರದು ಅಂತ ಗೊತ್ತಿರೋದು ಅವ್ಳಿಗೇ."